ಮೊದಲ ಸಾಲಿನ ತಕರಾರು

ಅಳಿಯ: ಅತ್ತೆ, ಕುಣಿಕೆ ಹಾಕಿದ್ದಾಯ್ತು, ನೋಡಿ. ಆದ್ರೆ ಇದರೊಳಗೆ ಎರಡನೇ ಕಡ್ಡಿ ತೂರೋಕೇ ಆಗ್ತಿಲ್ಲ. ವಿಡಿಯೋದಲ್ಲಿ ಆಕೆ ಮಾತಾಡ್ತಾ ಮಾತಾಡ್ತಾನೇ ತೂರಿಸಿಬಿಡ್ತಾಳೆ.

ಅತ್ತೆ: ಕೊಡಿಲ್ಲಿ. ಅಯ್ಯೋ, ಇದು ಕಡ್ಡಿ ಮೇಲೆ ಅಲುಗಾಡ್ತಾನೇ ಇಲ್ಲವಲ್ಲೋ. ಅದೂ ಕಪ್ಪು ದಾರ, ಮೇಲೆ ರೋಮ ಬೇರೆ, ಹನ್ನೆರಡು ನಂಬರ್ ಸ್ಟೀಲ್ ಕಡ್ಡಿ. ಯಾರು ಕೊಟ್ಟರು ಇದನ್ನ?

ಅಳಿಯ: ಚಿಕ್ಕಪೇಟೆಯಲ್ಲಿ ಒಂದು ಅಂಗಡಿ. ಸ್ವೆಟರ್ ಹೆಣೀಬೇಕು ಅಂದೆ, ಕೊಟ್ಟರು.

ಅತ್ತೆ: ಅವರದೇನೂ ತಪ್ಪಿಲ್ಲ. ಸ್ವೆಟರಿನ ಬಾರ್ಡರ್‌ಗೆ ಹನ್ನೆರಡು, ಮೈಗೆ ಹತ್ತು, ಅದು ಹಿಂದಿನಿಂದ ಬಂದ ರೂಢಿ. ಆದ್ರೆ ನೀನು ಸ್ವೆಟರಿಗೆ ಇನ್ನೂ ದೂರ ಇದ್ದೀಯ. ಹನ್ನೆರಡು ನಂಬರ್ ಅಂದ್ರೆ 2.75 ಮಿಲಿಮೀಟರ್. ಅಷ್ಟು ಸಣ್ಣ ಕಡ್ಡಿ ಮೇಲೆ ಕಪ್ಪು ದಾರದ ಕುಣಿಕೆ ನನಗೇ ಸಂಜೆ ಹೊತ್ತು ಕಾಣಲ್ಲ. ನನ್ನ ಕೇಳಿದ್ದರೆ ಕುಣಿಕೆ ಹಾಕೋ ಕೆಲಸ ನಿನಗೆ ಕೊಡ್ತಾನೇ ಇರಲಿಲ್ಲ. ನಾನೇ ಹಾಕಿ, ಮೇಲೆ ನಾಲ್ಕು ಸಾಲು ಹೆಣೆದು, ಇನ್ನು ಮುಂದುವರಿಸು ಅಂತ ಕೈಗೆ ಕೊಡ್ತಿದ್ದೆ.

ಅಳಿಯ: ಅದ್ಹೇಗೆ? ಮೊದಲನೇ ಪಾಠವೇ ಅದಲ್ವಾ? ಯಾವ ಪುಸ್ತಕ ತೆಗೆದರೂ ಮೊದಲ ಅಧ್ಯಾಯ ಕಾಸ್ಟ್ ಆನ್, ಅಂದ್ರೆ ಕುಣಿಕೆ ಹಾಕೋದು.

ಅತ್ತೆ: ಪುಸ್ತಕಕ್ಕೆ ಬೇರೆ ದಾರಿ ಇಲ್ಲ. ಅದು ನಿನ್ನ ಪಕ್ಕ ಕೂತು ನಾಲ್ಕು ಸಾಲು ಹೆಣೆದು ಕೊಡೋಕಾಗಲ್ಲವಲ್ಲ! ಕೆಲಸದಲ್ಲಿ ಮೊದಲು ಬರೋದನ್ನ ಕಲಿಯುವಾಗಲೂ ಮೊದಲೇ ಕಲೀಬೇಕು ಅಂತ ಯಾರು ಹೇಳಿದ್ದು? ನೋಡು, ಹೆಣೆಯುವಾಗ ಕಡ್ಡಿ ಕೆಳಗೆ ಆಗಲೇ ಒಂದಿಷ್ಟು ಬಟ್ಟೆ ತೂಗ್ತಿರತ್ತೆ. ಅದರ ಭಾರಕ್ಕೆ ಕುಣಿಕೆಗಳೆಲ್ಲ ಒಂದೇ ದಿಕ್ಕಿಗೆ ನಿಲ್ಲತ್ವೆ, ಎಡಗೈಗೆ ಹಿಡಿಯೋಕೆ ಏನಾದ್ರೂ ಸಿಗತ್ತೆ. ಮೊದಲ ಸಾಲಿಗೆ ಆ ಆಸರೆ ಇಲ್ಲ. ಬರೀ ದಾರ, ಬರೀ ಕಡ್ಡಿ. ಕುಣಿಕೆಗಳು ಕಡ್ಡಿ ಸುತ್ತ ತಿರುಗಿಕೊಳ್ಳತ್ವೆ, ಒಂದರ ಮೇಲೊಂದು ಹತ್ತಿ ಕೂರತ್ವೆ. ಇಡೀ ಸ್ವೆಟರಿನಲ್ಲಿ ಅತಿ ಕಷ್ಟದ ಸಾಲು ಎರಡೇ: ಹಾಕೋ ಸಾಲು, ಅದರ ಮೇಲೆ ಹೆಣೆಯೋ ಮೊದಲ ಸಾಲು. ಆ ಎರಡನ್ನೇ ಹೊಸಬರ ಮುಂದೆ ಇಟ್ಟುಬಿಟ್ಟರೆ, ನಂಗೆ ಇದು ಒಗ್ಗಲ್ಲ ಅಂತ ಎದ್ದು ಹೋಗ್ತಾರೆ.

ಅಳಿಯ: ಸರಿ, ಆದ್ರೆ ಪ್ರತಿ ಸಲ ನಿಮ್ಮ ಮನೆಗೆ ಬಂದು ಹಾಕಿಸಿಕೊಂಡು ಹೋಗೋಕಾಗತ್ತಾ? ನಂಗೆ ಮಡಿಕೇರಿಗೆ ವರ್ಗ ಆಗಿದೆ. ಮಳೆಗಾಲದಲ್ಲಿ ಲೈನ್ ಕೆಲಸ ಮುಗಿಸಿ ಕ್ವಾರ್ಟರ್ಸ್‌ಗೆ ಬಂದರೆ ಸಂಜೆಯಿಡೀ ಏನೂ ಇರಲ್ಲ ಅಂತಲೇ ಇದಕ್ಕೆ ಕೈ ಹಾಕಿದ್ದು. ಅಲ್ಲಿ ಯಾರು ಹಾಕಿಕೊಡ್ತಾರೆ?

ಅತ್ತೆ: ಕಲೀಬೇಡ ಅಂದೆನಾ? ಎರಡನೇದಾಗಿ ಕಲಿ ಅಂದೆ. ನಮ್ಮಮ್ಮ ಹೇಳ್ತಿದ್ದಳು. 1962ರಲ್ಲಿ ಚೀನಾ ಯುದ್ಧ ಬಂತಲ್ಲ, ಆಗ ದೇಶದ ಮೂಲೆಮೂಲೆಯಲ್ಲಿ ಹೆಂಗಸರು ಜವಾನರಿಗೆ ಅಂತ ಸ್ವೆಟರ್ ಹೆಣೆದರು. ಹಿಮಾಲಯದ ಚಳಿಗೆ ಬೇಕಾದಷ್ಟು ಬೆಚ್ಚನೆ ಬಟ್ಟೆ ಸೈನ್ಯದ ಹತ್ತಿರ ಇರಲಿಲ್ಲ. ನಮ್ಮ ಬೀದಿಯಲ್ಲೂ ಒಂದು ಗುಂಪು ಕೂರ್ತಿತ್ತಂತೆ. ಅರ್ಧ ಜನಕ್ಕೆ ಹೆಣಿಗೆಯೇ ಬರ್ತಿರಲಿಲ್ಲ. ಚೆನ್ನಾಗಿ ಬಲ್ಲ ಒಬ್ಬರು ಎಲ್ಲರ ಕಡ್ಡಿಗೂ ಕುಣಿಕೆ ಹಾಕಿ, ಬಾರ್ಡರ್ ಮುಗಿಸಿ ಹಂಚ್ತಿದ್ದರು. ಉಳಿದವರು ಮೈ ಹೆಣೆಯೋದು. ಹಾಗೆ ಶುರು ಮಾಡಿದವರು ಆಮೇಲೆ ಮಕ್ಕಳು ಮೊಮ್ಮಕ್ಕಳಿಗೆಲ್ಲ ತಾವೇ ಹಾಕಿ ಹೆಣೆದರು. ಕೈಗೆ ದಾರ ಒಗ್ಗಿದ ಮೇಲೆ ಕುಣಿಕೆ ಹಾಕೋದು ಒಂದು ಮಧ್ಯಾಹ್ನದ ಕೆಲಸ.

ಅಳಿಯ: ಒಗ್ಗೋವರೆಗೆ ಕಾಯೋಕೆ ನನ್ನ ಹತ್ತಿರ ಒಂದು ವಾರವೂ ಇಲ್ಲ. ಎರಡನ್ನೂ ಇವತ್ತೇ ಹೇಳಿಕೊಡಿ. ವಿಡಿಯೋಗಳಲ್ಲಿ ನೋಡಿದ್ರೆ ನಲವತ್ತು ಬಗೆ ಇವೆ, ಯಾವುದನ್ನ ಹಿಡೀಲಿ?

ಅತ್ತೆ: ಈಗ ನೀನು ಹಾಕಿದ್ದು ಯಾವುದು?

ಅಳಿಯ: ಹೆಬ್ಬೆರಳಿಗೆ ದಾರ ಸುತ್ತೋದು, ಆ ಸುತ್ತನ್ನ ಕಡ್ಡಿಗೆ ಏರಿಸಿ ಎಳೆಯೋದು. ಎಲ್ಲಕ್ಕಿಂತ ಸುಲಭ ಅಂತ ಬರೆದಿತ್ತು.

ಅತ್ತೆ: ಹಾಕೋಕೆ ಸುಲಭ, ಹೆಣೆಯೋಕೆ ನರಕ. ನಾಲ್ಕು ವರ್ಷದ ಮಗುವೂ ಹಾಕತ್ತೆ. ಆದ್ರೆ ಅದಕ್ಕೆ ಬುಡ ಇಲ್ಲ. ಮೊದಲ ಸಾಲು ಹೆಣೀತಾ ಹೋದ ಹಾಗೆ ಎರಡು ಕಡ್ಡಿ ನಡುವಿನ ದಾರ ಉದ್ದ ಆಗ್ತಾ ಹೋಗತ್ತೆ, ಸಾಲಿನ ಕೊನೆಗೆ ಬರೋ ಹೊತ್ತಿಗೆ ಗೇಣುದ್ದ ದಾರ ಜೋತಾಡ್ತಿರತ್ತೆ. ಅದಕ್ಕೆ ಹೆದರಿ ಜನ ಬಿಗಿಯಾಗಿ ಎಳೀತಾರೆ. ಬಿಗಿ ಎಳೆದರೆ ಕಡ್ಡಿ ತೂರಲ್ಲ. ನಿನ್ನದು ಆಗಿರೋದು ಅದೇ.

ಅಳಿಯ: ಅಂದ್ರೆ ಕಲಿಯೋರಿಗೆ ಅಂತ ಹೇಳಿಕೊಡೋ ವಿಧಾನವೇ ಕಲಿಯೋರಿಗೆ ಆಗಲ್ಲ.

ಅತ್ತೆ: ಪೂರ್ತಿ ಬಿಸಾಕಬೇಡ. ಹೆಣೀತಾ ಇರುವಾಗ ಮಧ್ಯೆ ಎಲ್ಲೋ ಎರಡು ಮೂರು ಕುಣಿಕೆ ಹೆಚ್ಚು ಮಾಡಬೇಕು ಅಂದ್ರೆ, ಕಂಕುಳ ಹತ್ತಿರ, ಕೈಗವಸಿನ ಹೆಬ್ಬೆರಳ ಹತ್ತಿರ, ಅಲ್ಲಿ ಇದೇ ಬೇಕಾಗತ್ತೆ. ಆದ್ರೆ ನಲವತ್ತು ಕುಣಿಕೆಯ ಅಂಚಿಗೆ ಬೇಡ. ಅಂಚಿಗೆ ಬಾಲ ಬಿಟ್ಟು ಹಾಕೋದು ಕಲಿ, ಲಾಂಗ್ ಟೇಲ್ ಅಂತಾರಲ್ಲ ನಿನ್ನ ವಿಡಿಯೋದವರು. ಈ ದಾರ ಹಿಡಿ. ಇದು ನನ್ನದು, ತಿಳಿ ಹಳದಿ, ಕಣ್ಣಿಗೆ ಕಾಣತ್ತೆ. ತುದಿಯಿಂದ ಒಂದು ಗಜ ಬಿಟ್ಟು ಜೀರುಗುಣಿಕೆ ಹಾಕು. ಕಡ್ಡಿಗೆ ಏರಿಸಿ ಬಲಗೈಯಲ್ಲಿ ಹಿಡಿ. ಈಗ ಕಡ್ಡಿಯಿಂದ ಎರಡು ದಾರ ಕೆಳಗೆ ಬರ್ತಿದೆ ಅಲ್ವಾ, ಒಂದು ಬಾಲ, ಒಂದು ಉಂಡೆಯದು. ಎಡಗೈ ಹೆಬ್ಬೆರಳು ತೋರುಬೆರಳು ಜೋಡಿಸಿ ಆ ಎರಡರ ನಡುವೆ ತೂರಿಸು, ಆಮೇಲೆ ಬೆರಳು ಅಗಲಿಸು. ಬಾಲ ಹೆಬ್ಬೆರಳ ಮೇಲೆ, ಉಂಡೆಯ ದಾರ ತೋರುಬೆರಳ ಮೇಲೆ. ಎರಡರ ತುದಿಯೂ ಉಳಿದ ಮೂರು ಬೆರಳಲ್ಲಿ ಅಂಗೈಗೆ ಒತ್ತಿ ಹಿಡಿ. ಅಂಗೈ ಮೇಲಕ್ಕೆ ತಿರುಗಿಸು.

ಅಳಿಯ: ಕವಣೆ ಆಯ್ತು ಇದು.

ಅತ್ತೆ: ಹಾಗೇ ಕಾಣತ್ತೆ. ಈಗ ಕಡ್ಡಿ ತುದಿಯನ್ನ ಹೆಬ್ಬೆರಳ ಮುಂದಿನ ದಾರದ ಕೆಳಗಿಂದ ಮೇಲೆ ತೂರಿಸು. ಹಾಗೇ ಹಿಂದೆ ಹೋಗಿ ತೋರುಬೆರಳ ದಾರವನ್ನ ಮೇಲಿಂದ ಕೊಕ್ಕಿಸಿಕೋ. ಕೊಕ್ಕಿಸಿಕೊಂಡಿದ್ದನ್ನ ಹೆಬ್ಬೆರಳ ಸುತ್ತಿನ ಒಳಗಿಂದ ಹೊರಗೆ ತಾ. ಈಗ ಹೆಬ್ಬೆರಳು ಬಿಡು. ಅದೇ ಹೆಬ್ಬೆರಳಿಂದ ಬಾಲವನ್ನ ಮತ್ತೆ ಹಿಡಿದು ಮೆಲ್ಲಗೆ ತಗ್ಗಿಸು. ಆಯ್ತು, ಎರಡನೇ ಕುಣಿಕೆ.

ಅಳಿಯ: ತಾಳಿ, ಇಲ್ಲಿ ನಡೆದಿದ್ದು ಏನು? ಹೆಬ್ಬೆರಳ ಸುತ್ತು ನಾನು ಮೊದಲು ಹಾಕಿದ್ದ ಥರದ್ದೇ ಅಲ್ವಾ? ಅದರೊಳಗಿಂದ ಉಂಡೆಯ ದಾರ ಎಳೆದು ತಂದೆ. ಅಂದ್ರೆ ಇದು ಕುಣಿಕೆ ಹಾಕೋದೂ ಆಯ್ತು, ಅದನ್ನ ಹೆಣೆಯೋದೂ ಆಯ್ತು.

ಅತ್ತೆ: ಅದನ್ನ ನಾನು ಬಹಳ ವರ್ಷ ಹಾಕಿದ ಮೇಲೆ ಗಮನಿಸಿದ್ದು, ನೀನು ಎರಡನೇ ಕುಣಿಕೆಗೇ ಹಿಡಿದೆ! ಹೌದು, ಬಾಲದಿಂದ ಬುಡದ ಸುತ್ತು, ಉಂಡೆಯಿಂದ ಅದರ ಮೇಲೆ ಒಂದು ನಿಟ್. ಎರಡು ಕೆಲಸ ಒಟ್ಟಿಗೆ. ಆ ನರಕದ ಮೊದಲ ಸಾಲು ಹಾಕುವಾಗಲೇ ಮುಗಿದಿರತ್ತೆ, ಅದಕ್ಕೇ ಇದರ ಮೇಲೆ ಹೆಣೆಯೋಕೆ ಸಲೀಸು. ಇನ್ನೊಂದು ನೋಡು. ಹಾಕುವಾಗ ನಿನ್ನ ಕಡೆ ಕಾಣೋದು ನುಣುಪು ಬದಿ. ತಿರುಗಿಸಿದರೆ ಗುಬುಟು ಬದಿ ಕಾಣತ್ತೆ. ಹಾಗಾಗಿ ಒಂದು ಸಾಲು ನಿಟ್, ಅಂದ್ರೆ ನುಣುಪು, ಒಂದು ಸಾಲು ಪರ್ಲ್, ಅಂದ್ರೆ ಗುಬುಟು, ಅಂತ ಹೆಣೆಯುವಾಗ, ಹಾಕಿದ ಮೇಲಿನ ಮೊದಲ ಸಾಲನ್ನ ಪರ್ಲ್ ಮಾಡಿದರೆ ಅಂಚು ಮುಂಬದಿಯಲ್ಲಿ ನುಣುಪಾಗಿ ಕೂರತ್ತೆ.

ಅಳಿಯ: ವಿಡಿಯೋದಲ್ಲಿ ಬೆರಳು ಹೀಗೆ, ಕಡ್ಡಿ ಹಾಗೆ ಅಂತ ಇತ್ತೇ ಹೊರತು ಇದನ್ನ ಯಾರೂ ಹೇಳಲಿಲ್ಲ. ಇದೊಂದು ಗೊತ್ತಿದ್ದರೆ ಬೆರಳು ಮರೆತರೂ ನಾನೇ ಮತ್ತೆ ಕಂಡುಹಿಡ್ಕೋಬಹುದು. ಆದ್ರೆ ಈಗಲೂ ನನ್ನದು ಬಿಗಿಯೇ ಆಗ್ತಿದೆ, ನೋಡಿ. ಬಿಗಿ ಆಗೋದಾದ್ರೆ ದಪ್ಪ ಕಡ್ಡಿಯಲ್ಲಿ ಹಾಕಿ, ಆಮೇಲೆ ಸಣ್ಣದಕ್ಕೆ ಬದಲಾಯಿಸಿ ಅಂತ ಒಂದು ಕಡೆ ಇತ್ತು.

ಅತ್ತೆ: ಎಲ್ಲರೂ ಹಾಗೇ ಹೇಳ್ತಾರೆ. ಎರಡು ಕಡ್ಡಿ ಒಟ್ಟಿಗೆ ಹಿಡಿದು ಅದರ ಮೇಲೆ ಹಾಕು ಅಂತಲೂ ಹೇಳ್ತಾರೆ. ನನಗೆ ಒಪ್ಪಿಗೆ ಇಲ್ಲ. ದಪ್ಪ ಕಡ್ಡಿಯಿಂದ ಏನು ದೊಡ್ಡದಾಗತ್ತೆ? ಕಡ್ಡಿಯನ್ನ ಸುತ್ತಿರೋ ಕುಣಿಕೆ. ಅಂಚು ಹಿಗ್ಗಬೇಕಾದರೆ ಉದ್ದ ಇರಬೇಕಾದ್ದು ಅದಲ್ಲ, ಒಂದು ಕುಣಿಕೆಯಿಂದ ಪಕ್ಕದ ಕುಣಿಕೆಗೆ ಹೋಗೋ ಬುಡದ ದಾರ. ಅದು ಎಷ್ಟೇ ದಪ್ಪ ಕಡ್ಡಿ ತಗೊಂಡರೂ ನೀನು ಎಳೆದಷ್ಟೇ ಬಿಗಿ. ಕೆಳಗೆ ಲಾಡಿ ಎಳೆದು ಕಟ್ಟಿದ ಹಾಗೆ ಬಿಗಿ ಅಂಚು, ಅದರ ಮೇಲೆ ಜೊಳ್ಳು ಜೊಳ್ಳು ಕುಣಿಕೆಯ ಒಂದು ಸಾಲು. ಹಿಗ್ಗೂ ಇಲ್ಲ, ಅಂದವೂ ಇಲ್ಲ.

ಅಳಿಯ: ಮತ್ತೆ?

ಅತ್ತೆ: ಕುಣಿಕೆಗಳ ನಡುವೆ ಜಾಗ ಬಿಡು. ಒಂದು ಕುಣಿಕೆ ಹಾಕಿದ ತಕ್ಷಣ ಬಲಗೈ ತೋರುಬೆರಳ ತುದಿಯನ್ನ ಅದರ ಪಕ್ಕ ಕಡ್ಡಿ ಮೇಲೆ ಇಡು. ಮುಂದಿನದು ಆ ಬೆರಳಿಗೆ ತಾಗಿ ನಿಲ್ಲಲಿ. ಹಾಕಿ ಮುಗಿದಾಗ ಸಾಲು ವಿರಳವಾಗಿ, ನೋಡೋಕೆ ಚೆಲ್ಲಾಪಿಲ್ಲಿ ಅನ್ನಿಸಬೇಕು. ಅಂಟಿಕೊಂಡು ಚೊಕ್ಕವಾಗಿ ನಿಂತಿದ್ದರೆ ಬಿಗಿ ಆಗಿದೆ ಅಂತಲೇ ಅರ್ಥ. ಹೊಸಬರು ಚೊಕ್ಕವಾಗಿ ಹಾಕೋಕೆ ಹೋಗಿಯೇ ಕೆಡಿಸಿಕೊಳ್ಳೋದು. ನಾಲ್ಕು ಬೆರಳಗಲ ಹೆಣೆದ ಮೇಲೆ ಅಂಚು ಎಳೆದು ನೋಡು. ಮೇಲಿನ ಬಟ್ಟೆ ಎಷ್ಟು ಹಿಗ್ಗತ್ತೋ ಅಂಚೂ ಅಷ್ಟು ಹಿಗ್ಗಿದರೆ ಪಾಸು. ಕಾಲುಚೀಲದ ಬಾಯಿ ಹಿಮ್ಮಡಿ ದಾಟಬೇಕು, ಟೋಪಿಯ ಅಂಚು ತಲೆ ದಾಟಬೇಕು, ಕುತ್ತಿಗೆಯಿಂದ ಶುರು ಮಾಡೋ ಸ್ವೆಟರ್ ಆದ್ರೆ ಅದೂ ತಲೆ ದಾಟಬೇಕು. ಅಲ್ಲಿ ಅಂದಕ್ಕಿಂತ ಹಿಗ್ಗು ಮುಖ್ಯ.

ಅಳಿಯ: ಬಾಲ ಒಂದು ಗಜ ಅಂದ್ರಿ. ಕಣ್ಣಳತೆಯೋ, ಲೆಕ್ಕವೋ? ನೂರು ಕುಣಿಕೆ ಹಾಕಬೇಕಾಗಿ ಬಂದು ತೊಂಬತ್ತೈದಕ್ಕೆ ಬಾಲ ಮುಗಿದರೆ ಎಲ್ಲ ಬಿಚ್ಚಬೇಕು ತಾನೇ?

ಅತ್ತೆ: ಬಿಚ್ಚಬೇಕು. ಎಲ್ಲರಿಗೂ ಆಗತ್ತೆ ಅದು. ಬಟ್ಟೆ ಎಷ್ಟು ಅಗಲ ಬರಬೇಕೋ ಅದರ ಮೂರೂವರೆ ಪಟ್ಟು, ಮೇಲೆ ಒಂದು ಗೇಣು, ಇದು ನನ್ನ ಅಂದಾಜು. ಕಡ್ಡಿಗೆ ದಾರವನ್ನ ಹತ್ತು ಸುತ್ತು ಸುತ್ತಿ, ಬಿಡಿಸಿ ಅಳೆದು, ಅದನ್ನ ಪ್ರತಿ ಹತ್ತು ಕುಣಿಕೆಗೆ ಅಂತ ಲೆಕ್ಕ ಹಾಕೋರೂ ಇದ್ದಾರೆ. ಎರಡೂ ಹೆಚ್ಚುಕಡಿಮೆ ಒಂದೇ ಕಡೆ ಬರತ್ತೆ. ಇನ್ನೂರು ಮುನ್ನೂರು ಕುಣಿಕೆಯ ಶಾಲು ಆದ್ರೆ ಅಂದಾಜಿನ ಗೋಜೇ ಬೇಡ. ಎರಡು ಉಂಡೆ ತಗೋ, ಎರಡರ ತುದಿ ಸೇರಿಸಿ ಒಂದು ಜೀರುಗುಣಿಕೆ ಹಾಕು, ಒಂದು ದಾರ ಹೆಬ್ಬೆರಳಿಗೆ ಇನ್ನೊಂದು ತೋರುಬೆರಳಿಗೆ. ಮುಗಿದ ಮೇಲೆ ಒಂದನ್ನ ಕತ್ತರಿಸು. ಆ ಜೀರುಗುಣಿಕೆಯನ್ನ ಲೆಕ್ಕಕ್ಕೆ ಹಿಡೀಬೇಡ, ಮೊದಲ ಸಾಲಿನ ಕೊನೆಗೆ ಬಿಚ್ಚಿಬಿಡು. ಎರಡು ತುದಿ ಜಾಸ್ತಿ ಒಳಗೆ ಸೇರಿಸಬೇಕಾಗತ್ತೆ, ಅಷ್ಟೆ.

ಅಳಿಯ: ಎಷ್ಟು ಕುಣಿಕೆ ಅನ್ನೋದು?

ಅತ್ತೆ: ಅದನ್ನ ನೀನೇ ಹೇಳು, ಇಂಜಿನಿಯರು. ಮಾದರಿ ತುಂಡು ಹೆಣೆದು ನೋಡಿದ್ದೀಯ ಅಂದುಕೋ, 10 ಸೆಂಟಿಮೀಟರಿಗೆ 20 ಕುಣಿಕೆ ಬಂತು. ಮಫ್ಲರ್ 20 ಸೆಂಟಿಮೀಟರ್ ಅಗಲ ಬೇಕು.

ಅಳಿಯ: 40. ಇದಕ್ಕೆ ಇಂಜಿನಿಯರ್ ಬೇಕಾ?

ಅತ್ತೆ: ತುಂಡಿನ ಅಂಚು ಬಿಟ್ಟು ನಡುವೆ ಅಳೀಬೇಕು, ಅದು ನೆನಪಿರಲಿ. ಕೊನೆಯ ಕುಣಿಕೆಗಳು ಯಾವಾಗಲೂ ಸೊಟ್ಟ. ಇನ್ನು ರಿಬ್ ಬೇಕು ಅಂದ್ರೆ, ಎರಡು ನಿಟ್ ಎರಡು ಪರ್ಲ್, ಆಗ 40 ಆಗಲ್ಲ, 42 ಹಾಕು. ನಾಲ್ಕರ ಮಗ್ಗಿಗೆ ಎರಡು ಸೇರಿಸಿದರೆ ಎರಡೂ ತುದಿಯಲ್ಲಿ ನಿಟ್ ಬಂದು ಜೋಡಿ ಸರಿಯಾಗತ್ತೆ. ಎಣಿಕೆ ತಪ್ಪದ ಹಾಗೆ ಇಪ್ಪತ್ತಕ್ಕೊಂದು ಬೇರೆ ಬಣ್ಣದ ದಾರದ ಚೂರು ಸಿಗಿಸ್ತಾ ಹೋಗು. ಫೋನ್ ಬಂತು ಅಂದ್ರೆ ಮೊದಲಿಂದ ಎಣಿಸೋ ಪಾಡು ಇರಲ್ಲ.

ಅಳಿಯ: ಕಡ್ಡಿ ವಿಷಯಕ್ಕೆ ಒಂದು ಮಾತು. ಅಮೆರಿಕದವರ ಪಾಠದಲ್ಲಿ ಎಂಟು ನಂಬರ್ ಕಡ್ಡಿ ತಗೊಳ್ಳಿ ಅಂತಾರೆ. ಅವರ ಎಂಟು ಅಂದ್ರೆ 5 ಮಿಲಿಮೀಟರ್. ನಮ್ಮ ಅಂಗಡಿಯ ಎಂಟು 4 ಮಿಲಿಮೀಟರ್. ನಮ್ಮ ಆರು 5, ಅವರ ಆರು 4. ಪೂರ್ತಿ ಅದಲುಬದಲು. ಏಳು ಮಾತ್ರ ಎರಡೂ ಕಡೆ ನಾಲ್ಕೂವರೆ.

ಅತ್ತೆ: ಹೌದಾ? ಅದಕ್ಕೇ ಅಂತ ಕಾಣತ್ತೆ ಪಕ್ಕದ ಮನೆಯ ಹುಡುಗಿ ಅಲ್ಲಿಯ ಪ್ಯಾಟರ್ನ್ ನೋಡಿ ಹೆಣೆದಿದ್ದು ಗಿಡ್ಡ ಆಗಿದ್ದು.

ಅಳಿಯ: ನಮ್ಮದು ಬ್ರಿಟಿಷರ ಹಳೆಯ ಲೆಕ್ಕ. ನಮ್ಮ ಇಲಾಖೆಯ ತಂತಿಯ ಗೇಜೂ ಹಾಗೇ, ನಂಬರ್ ಏರಿದಷ್ಟೂ ತೆಳು. ತಂತಿಯನ್ನ ಅಚ್ಚಿನ ತೂತಲ್ಲಿ ಎಳೆದೆಳೆದು ತೆಳು ಮಾಡ್ತಿದ್ದರು, ಹೆಚ್ಚು ಸಲ ಎಳೆದದ್ದಕ್ಕೆ ಹೆಚ್ಚಿನ ನಂಬರ್. ಹತ್ತು ನಂಬರ್ ಗೇಜಿನ ತಂತಿ 3.25 ಮಿಲಿಮೀಟರ್, ಹತ್ತು ನಂಬರ್ ಕಡ್ಡಿಯೂ 3.25. ಮಿಲಿಮೀಟರ್ ನೋಡಿ ತಗೊಂಡರೆ ಜಗಳವೇ ಇಲ್ಲ.

ಅತ್ತೆ: ಆಯ್ತಪ್ಪ, ಇದನ್ನ ನಾನು ನಿನ್ನಿಂದ ಕಲಿತೆ. ಈ ಮೊದಲ ಸಾಲಿನ ಕಿತಾಪತಿ ಯಾರು ಕಂಡುಹಿಡಿದರೋ, ಅದನ್ನೂ ಓದಿದ್ದೀಯಾ?

ಅಳಿಯ: ಅಷ್ಟಿಷ್ಟು. ರಿಚರ್ಡ್ ರಟ್ ಅಂತ ಒಬ್ಬ ಇಂಗ್ಲೆಂಡಿನ ಬಿಷಪ್ 1987ರಲ್ಲಿ ಕೈಹೆಣಿಗೆಯ ಇತಿಹಾಸ ಬರೆದಿದ್ದಾರೆ. ಸ್ವತಃ ಹೆಣೀತಿದ್ದರು. ಕೊರಿಯಾದಲ್ಲಿ ಬಹಳ ಕಾಲ ಇದ್ದು ಅಲ್ಲಿಯ ಕವಿತೆಗಳನ್ನೂ ಅನುವಾದ ಮಾಡಿದ್ದಾರೆ.

ಅತ್ತೆ: ಬಿಷಪ್ಪೇ ಹೆಣೆದ ಮೇಲೆ ನಿನಗೇನು ನಾಚಿಕೆ? ಮೊನ್ನೆ ಮಾವ ಬಂದಾಗ ಉಂಡೆಯನ್ನ ದಿಂಬಿನ ಕೆಳಗೆ ಬಚ್ಚಿಟ್ಟೆಯಂತಲ್ಲ.

ಅಳಿಯ: ಬಿಡಿ ಅತ್ತೆ. ನಿಜವಾದ ಹೆಣಿಗೆಯ ಹಳೆಯ ತುಂಡುಗಳು ಸಿಕ್ಕಿರೋದು ಈಜಿಪ್ಟಿನಲ್ಲಿ. ಸುಮಾರು 11ರಿಂದ 14ನೇ ಶತಮಾನದವು. ಉಣ್ಣೆ ಅಲ್ಲ, ಹತ್ತಿ! ನೀಲಿ ಬಿಳಿ ವಿನ್ಯಾಸದ ಕಾಲುಚೀಲಗಳು. ಅದಕ್ಕೂ ಹಳೆಯದು ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ, ಅದೂ ಈಜಿಪ್ಟಿನದೇ, ಕೆಂಪು ಉಣ್ಣೆಯ ಕಾಲುಚೀಲ. ಚಪ್ಪಲಿ ಹಾಕೋಕೆ ಅಂತ ಹೆಬ್ಬೆರಳಿಗೆ ಬೇರೆ ಗೂಡು. ನೋಡೋಕೆ ಹೆಣಿಗೆ ಥರವೇ, ಆದ್ರೆ ಕಣ್ಣಿರೋ ಒಂದೇ ಸೂಜಿಯಲ್ಲಿ ತುಂಡು ತುಂಡು ದಾರ ತೂರಿಸಿ ಮಾಡಿದ್ದು. ಕಡ್ಡಿ ತುಂಬ ಕುಣಿಕೆ ಹಾಕಿಟ್ಟುಕೊಂಡು ಶುರು ಮಾಡೋ ಕಷ್ಟ ಅವರಿಗೆ ಇರಲಿಲ್ಲ.

ಅತ್ತೆ: ಪುಣ್ಯವಂತರು. ನೀಲಿ ಬಿಳಿಯವು ಬಾಯಿಂದ ಶುರುವೋ, ತುದಿಯಿಂದಲೋ?

ಅಳಿಯ: ಅವುಗಳಲ್ಲಿ ಬೆರಳ ತುದಿಯಿಂದ ಮೇಲಕ್ಕೆ ಹೆಣೆದವು ಇವೆ.

ಅತ್ತೆ: ಹಾಗಾದ್ರೆ ಅವರಿಗೆ ಮುಚ್ಚಿದ ಅಂಚು ಹಾಕೋಕೆ ಬರ್ತಿತ್ತು. ಅದು ಸಣ್ಣ ವಿದ್ಯೆ ಅಲ್ಲ ಕಣೋ. ನಾವು ಕಲಿಯುವಾಗ ಕಾಲುಚೀಲ ಬಾಯಿಂದಲೇ ಶುರು, ತುದಿ ಹೊಲಿದು ಮುಚ್ಚೋದು. ತುದಿಯಿಂದ ಶುರು ಮಾಡಬೇಕಾದರೆ ಎರಡೂ ಕಡೆ ಬಿಡಿ ಕುಣಿಕೆ ಬೇಕು, ನಡುವೆ ಹೊಲಿಗೆ ಗೆರೆ ಕಾಣಬಾರದು.

ಅಳಿಯ: ಅದಕ್ಕೆ ಈಗ ಎಲ್ಲರೂ ಬಳಸೋ ಉಪಾಯ 2006ರಲ್ಲಿ ಪ್ರಕಟವಾಗಿದ್ದು. ಅಮೆರಿಕದ ಜೂಡಿ ಬೆಕರ್ ಅನ್ನೋರದು. ಎರಡು ಕಡ್ಡಿ ಜೋಡಿಸಿ ಹಿಡಿದು, ಒಂದು ಕುಣಿಕೆ ಮೇಲಿನದಕ್ಕೆ, ಒಂದು ಕೆಳಗಿನದಕ್ಕೆ ಅಂತ ಸುತ್ತೋದು. ಸಾವಿರ ವರ್ಷದ ಕಸುಬಿನಲ್ಲಿ ಮೊದಲ ಸಾಲಿಗೆ ಮೊನ್ನೆ ಮೊನ್ನೆ ಹೊಸದೊಂದು ಬಂತು.

ಅತ್ತೆ: ತೋರಿಸು ಆಮೇಲೆ, ನನಗೂ ಬೇಕು. ಕಸುಬು ಅಂದೆಯಲ್ಲ, ನಮ್ಮ ಕಡೆಯ ಕುರಿ ಉಣ್ಣೆ ಈ ಕಡ್ಡಿಗೆ ಬರಲೇ ಇಲ್ಲ, ನೋಡು. ಚಳ್ಳಕೆರೆ ಕಡೆ ಕುರುಬರು ನೂಲು ತೆಗೆದು ಮಗ್ಗಕ್ಕೆ ಹಾಕ್ತಾರೆ, ಕಂಬಳಿ ಆಗತ್ತೆ. ಒರಟು ಉಣ್ಣೆ, ಮೈಗೆ ಚುಚ್ಚತ್ತೆ, ಆದ್ರೆ ಹುಣಸೆ ಬೀಜದ ಗಂಜಿ ಹಾಕಿ ನೇಯ್ದರೆ ಮಳೆಗೂ ಜಗ್ಗಲ್ಲ. ಅವರಿಗೂ ಮೊದಲೇ ಲೆಕ್ಕ ಹಾಕಬೇಕು, ಹಾಸು ಎಷ್ಟು ಉದ್ದ ಬೇಕು ಅಂತ. ಅವರು ಉದ್ದ ಅಗಲ ಎರಡನ್ನೂ ಮುಂಚೆಯೇ ಕಟ್ಟಿಕೊಳ್ತಾರೆ. ನಾವು ಅಗಲ ಮಾತ್ರ. ಉದ್ದ ಎಲ್ಲಿ ನಿಲ್ಲಿಸಬೇಕು ಅಂತ ಹೆಣೀತಾ ಹೆಣೀತಾ ತೀರ್ಮಾನ ಮಾಡಬಹುದು.

ಅಳಿಯ: ನನ್ನ ಟೀ ಶರ್ಟೂ ಹೆಣಿಗೆಯೇ ತಾನೇ? ತಿರುಪ್ಪೂರಿನ ಮೆಷಿನ್‌ಗಳೂ ಕುಣಿಕೆ ಹಾಕ್ತವಾ?

ಅತ್ತೆ: ಬಟ್ಟೆ ಹೆಣಿಗೆಯದು, ಅಂಚು ಹೊಲಿಗೆಯದು. ಥಾನಿನಿಂದ ಕತ್ತರಿಸಿ, ಮಡಚಿ ಹೊಲಿದಿದ್ದಾರೆ, ನೋಡಿಕೋ. ಕೈಯಲ್ಲಿ ಹೆಣೆಯುವಾಗ ಅಂಚನ್ನ ಆಮೇಲೆ ಮಾಡಿಕೊಳ್ಳೋಣ ಅನ್ನೋ ಹಾಗಿಲ್ಲ, ಅದೇ ಮೊದಲು ಬರತ್ತೆ. ಅದಕ್ಕೇ ಅಂಚು ಏನು ಕೆಲಸ ಮಾಡಬೇಕು ಅನ್ನೋದನ್ನ ಕುಣಿಕೆ ಹಾಕೋಕೆ ಮುಂಚೆ ಯೋಚಿಸಬೇಕು. ಗರ್ನ್ಸಿ ಅಂತ ಇಂಗ್ಲಿಷ್ ಕಾಲುವೆಯಲ್ಲಿ ಒಂದು ದ್ವೀಪ ಇದೆ. ಅಲ್ಲಿಯ ಮೀನುಗಾರರ ಸ್ವೆಟರಿಗೆ ಬಾಲವನ್ನ ಎರಡೆಳೆ ಮಾಡಿ, ಹೆಬ್ಬೆರಳಿಗೆ ಎರಡು ಸುತ್ತು ಸುತ್ತಿ ಹಾಕ್ತಾರೆ. ಅಂಚಿನುದ್ದಕ್ಕೂ ಸಣ್ಣ ಗಂಟುಗಳ ಸಾಲು ಬರತ್ತೆ. ನೋಡೋಕೆ ಅಲಂಕಾರ, ಆದ್ರೆ ಬಲೆ ಎಳೆದೂ ಎಳೆದೂ ಸವೆಯೋ ಜಾಗ ಅದು, ಎರಡೆಳೆ ಇರೋದು ಅದಕ್ಕೆ.

ಅಳಿಯ: ಗುಂಡಿ ತೂತಿಗೆ?

ಅತ್ತೆ: ಅಲ್ಲಿ ಹಿಗ್ಗಬಾರದು. ಎರಡು ಕಡ್ಡಿಯಲ್ಲಿ ಹಾಕೋದು ಅಂತ ಒಂದಿದೆ, ಬಲಗಡ್ಡಿಯಿಂದ ಒಂದು ಕುಣಿಕೆ ಎಳೆದು ಎಡಗಡ್ಡಿಗೆ ಏರಿಸೋದು. ಕಡ್ಡಿಯನ್ನ ಕುಣಿಕೆಯ ಒಳಗೆ ತೂರಿಸೋ ಬದಲು ಎರಡು ಕುಣಿಕೆಯ ನಡುವೆ ತೂರಿಸಿ ಎಳೆದರೆ ಹಗ್ಗದ ಥರ ಗಟ್ಟಿ ಅಂಚು. ಇದಕ್ಕೆ ಬಾಲವೂ ಬೇಡ. ಅಂಚೇ ಕಾಣಬಾರದು, ಆಮೇಲೆ ಅಲ್ಲಿಂದ ಕೆಳಕ್ಕೂ ಹೆಣೀಬೇಕು ಅಂದ್ರೆ ಕ್ರೋಶಾದಲ್ಲಿ ಬೇರೆ ದಾರದ ಸರಪಳಿ ಹಾಕಿ ಅದರ ಬೆನ್ನಿಂದ ಕುಣಿಕೆ ಎತ್ತಿಕೊಳ್ಳೋದು, ಬೇಕಾದಾಗ ಸರಪಳಿ ಬಿಚ್ಚೋದು. ನಿನ್ನ ನಲವತ್ತರಲ್ಲಿ ಇಷ್ಟು ಬಂದರೆ ಜೀವನಕ್ಕೆ ಸಾಕು. ಮಿಕ್ಕಿದ್ದೆಲ್ಲ ಶೋಕಿ.

ಅಳಿಯ: ಇಡೀ ಸ್ವೆಟರ್ ಮುಗಿದ ಮೇಲೆ ಕೆಳಗಿನ ಅಂಚು ಬಿಗಿ ಅಂತ ಗೊತ್ತಾದರೆ? ಕೆಳಗಿನಿಂದ ಬಿಚ್ಚಿಕೊಂಡು ಬರಬಹುದಾ?

ಅತ್ತೆ: ಅಲ್ಲೇ ಇರೋದು ಪೇಚು. ಮೇಲಿನಿಂದ ಎಳೆದರೆ ಸರ್ರನೆ ಬಿಚ್ಚಿಕೊಂಡು ಬರತ್ತೆ. ಹಾಕಿದ ತುದಿಯಿಂದ ಬಿಚ್ಚಲ್ಲ, ಒಂದೊಂದು ಕುಣಿಕೆಯಿಂದಲೂ ದಾರ ಪೂರ್ತಿ ಹೊರಗೆಳೀಬೇಕು. ಆದ್ರೆ ಗಾಬರಿ ಬೇಡ. ಬಾರ್ಡರ್ ಮುಗಿದು ಮೈ ಶುರುವಾದ ಕಡೆ, ಒಂದು ಸಾಲಿನ ನಡುವೆ ಒಂದೇ ಒಂದು ದಾರ ಕತ್ತರಿಸು. ಆ ಸಾಲಿನ ದಾರವನ್ನ ಮೆಲ್ಲಗೆ ಬಿಡಿಸ್ತಾ ಹೋದರೆ ಬಾರ್ಡರ್ ಕಳಚಿ ಕೈಗೆ ಬರತ್ತೆ. ಮೈಯ ಕುಣಿಕೆಗಳನ್ನ ಕಡ್ಡಿಗೆ ಎತ್ತಿಕೊಂಡು ಕೆಳಮುಖವಾಗಿ ಹೊಸ ಬಾರ್ಡರ್ ಹೆಣೆದು ಸಡಿಲವಾಗಿ ಮುಚ್ಚು. ಯಾರಿಗೂ ಗೊತ್ತಾಗಲ್ಲ.

ಅಳಿಯ: ಸ್ವೆಟರಿಗೆ ಕತ್ತರಿ ಹಾಕೋದಾ?

ಅತ್ತೆ: ಮೊದಲ ಸಲ ಕೈ ನಡುಗತ್ತೆ. ಆದ್ರೆ ದಾರ ಕತ್ತರಿಸಿದ ಕೂಡಲೇ ಬಟ್ಟೆಯೆಲ್ಲ ಬಿಚ್ಚಿಹೋಗಲ್ಲ. ಒಂದೇ ಎಚ್ಚರ, ತಿರುವಿ ಹೆಣೆದಾಗ ಕುಣಿಕೆಗಳು ಅರ್ಧ ಕುಣಿಕೆಯಷ್ಟು ಪಕ್ಕಕ್ಕೆ ಸರಿದಿರತ್ವೆ. ನುಣುಪು ಬಟ್ಟೆಯಲ್ಲಿ ಅದು ಕಾಣಲ್ಲ, ರಿಬ್ಬಿನ ಮಧ್ಯೆ ಕತ್ತರಿಸಿದರೆ ಗೆರೆ ತಪ್ಪತ್ತೆ. ಅದಕ್ಕೇ ಬಾರ್ಡರ್ ಮೇಲೆ ಕತ್ತರಿಸು ಅಂದಿದ್ದು. ಆದ್ರೆ ಸರ್ಕ್ಯುಲರ್ ಕಡ್ಡಿಯಲ್ಲಿ ಸುತ್ತು ಸೇರಿಸುವಾಗ ಮೊದಲ ಸಾಲು ಒಂದು ತಿರುಚು ತಿರುಚಿಕೊಂಡಿದ್ದರೆ, ಅದನ್ನ ಇಷ್ಟು ಸುಲಭಕ್ಕೆ ಸರಿ ಮಾಡೋಕಾಗಲ್ಲ. ಟೋಪಿ ಹೆಣೀಬೇಕು ಅಂತ ಹೋಗಿ ತಿರುಚಿಕೊಂಡ ಪಟ್ಟಿ ಆಗಿಬಿಡತ್ತೆ.

ಅಳಿಯ: ಕಾಲೇಜಲ್ಲಿ ಕಾಗದದಲ್ಲಿ ಮಾಡಿದ್ದ ತಿರುಚು ಪಟ್ಟಿಯ ಥರ!

ಅತ್ತೆ: ಯಾವ ಥರವೇ ಇರಲಿ, ಅದು ತಲೆಗೆ ಹಾಕೋಕೆ ಬರಲ್ಲ. ಹೆದರಿಕೆ ಇದ್ದರೆ ಮೊದಲ ಎರಡು ಸಾಲು ಸುತ್ತು ಸೇರಿಸದೆ ಹೆಣೆ. ಆಗ ಬುಡಕ್ಕೆ ಅಗಲ ಬಂದು, ತಿರುಚಿದ್ದರೆ ಕಣ್ಣಿಗೆ ಬೀಳತ್ತೆ. ಉಳಿಯೋ ಸಣ್ಣ ಬಿರುಕನ್ನ ಬಾಲದಿಂದಲೇ ಹೊಲಿದುಬಿಡು.

ಅಳಿಯ: ಸರಿ. ಹಾಗಾದ್ರೆ ಊರಿಗೆ ಹೋಗೋ ಮುಂಚೆ ಏನೇನು ತಗೊಳ್ಳಲಿ? ಒಳ್ಳೆ ಮೆರಿನೋ ಉಣ್ಣೆ ನೋಡಿಟ್ಟಿದ್ದೆ.

ಅತ್ತೆ: ಈಗಲೇ ಮೆರಿನೋ ಬೇಡ. ಮಡಿಕೇರಿ ಮಳೆಯಲ್ಲಿ ಉಣ್ಣೆ ಒಗೆದರೆ ಮೂರು ದಿನವಾದರೂ ಒಣಗಲ್ಲ, ಮುಗ್ಗು ವಾಸನೆ ಬರತ್ತೆ. ಕಲಿಯೋಕೆ ಅಕ್ರಿಲಿಕ್ಕೇ ಸಾಕು, ಒಂದೇ ದಾರವನ್ನ ಎಷ್ಟು ಸಲ ಹಾಕಿ ಬಿಚ್ಚಿದರೂ ತಾಳತ್ತೆ. ತಿಳಿ ಬಣ್ಣ, ನುಣುಪು ದಾರ, 4.5 ಮಿಲಿಮೀಟರಿನ ಬಿದಿರು ಕಡ್ಡಿ ತಗೋ. ಸ್ಟೀಲಿನ ಮೇಲೆ ಕುಣಿಕೆ ಜಾರತ್ತೆ, ಬಿದಿರು ಹಿಡಿದಿಡತ್ತೆ. ಈ ಹಳದಿ ತುಂಡು ನಾನು ಹಾಕಿ ನಾಲ್ಕು ಸಾಲು ಹೆಣೆದಿದ್ದೀನಿ, ಇದನ್ನ ಮೊದಲು ಮುಂದುವರಿಸು. ಕೈ ಒಗ್ಗಿದ ಮೇಲೆ ಬೇರೆ ಕಡ್ಡಿಯಲ್ಲಿ ನೀನೇ ಹಾಕಿ ನೋಡು. ಚೆನ್ನಾಗಿ ಬರಲಿಲ್ಲ ಅಂತ ಹಾಕಿದ ತಕ್ಷಣ ಬಿಚ್ಚಬೇಡ. ಒಂದು ಸಾಲಾದರೂ ಅದರ ಮೇಲೆ ಹೆಣೆದು, ಅಂಚು ಎಳೆದು ನೋಡಿ, ಆಮೇಲೆ ಬೇಕಾದರೆ ಬಿಚ್ಚು.